ನೂರು ಸಿನಿಮಾ ನುಂಗಿದ ಪೆನ್‌ಡ್ರೈವ್

ಬಸ್ ನಿಲ್ದಾಣದ ಬದಿಯ ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರ ಹೊಟ್ಟೆಯಲ್ಲಿದ್ದದ್ದು ಕೆಲವೇ ಸಿನಿಮಾ, ಆದರೆ ಒಂದೊಂದೂ ಕನ್ನಡಿಯಷ್ಟು ಸ್ವಚ್ಛ. ಗಿರಾಕಿಗಳು ಮಾತ್ರ "ಇಷ್ಟೇ ಏನು?" ಎಂದು ಮೂಗು ಮುರಿದು ಪಕ್ಕದ್ದನ್ನು ಕೊಳ್ಳುತ್ತಿದ್ದರು. ಅವಮಾನ ತಾಳಲಾರದೆ ಅದು ಅಂಗಡಿಯ ಕಂಪ್ಯೂಟರನ್ನು ಬೇಡಿತು: "ನನಗೂ ನೂರು ಸಿನಿಮಾ ತುಂಬು."

"ಜಾಗಕ್ಕಾಗಿ ಒಳಗಿನ ಚಿತ್ರಗಳನ್ನು ಹಿಂಡಿ ಚಿಕ್ಕದು ಮಾಡಬೇಕಾದೀತು. ಹಿಂಡಿದ್ದು ಮತ್ತೆ ಅರಳುವುದಿಲ್ಲ," ಎಂದಿತು ಕಂಪ್ಯೂಟರು.

"ಹಿಂಡು."

ಮರುದಿನವೇ ಬಾಳವ್ವ ಅದನ್ನು ಕೊಂಡಳು. ನಾಟಕ ಕಂಪನಿಯಲ್ಲಿದ್ದ ಹರೆಯದಲ್ಲಿ ಅವಳು ಒಂದೇ ಒಂದು ಸಿನಿಮಾದಲ್ಲಿ, ಗುಂಪಿನ ನಡುವೆ ನಿಂತು ಹಾಡಿದ್ದಳು. ಆ ಸಿನಿಮಾ ಮೊದಲಿನಿಂದಲೂ ಇದರಲ್ಲಿತ್ತು. ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಟಿವಿ ಹಚ್ಚಿದಳು. ಹಾಡು ಬಂತು.

"ಅತ್ತಿ, ಇದರಾಗ ನೀವ್ಯಾರು?"

ಬಾಳವ್ವ ಪರದೆಗೆ ಮುಖ ತಾಗಿಸಿ ಹುಡುಕಿದಳು. ಮುಖಗಳಿರಬೇಕಾದಲ್ಲಿ ಬರೀ ಬಣ್ಣದ ಕಲೆಗಳಿದ್ದವು.

"ಇವಳ ಮುಖ ಕೊಡು," ಎಂದು ಟಿವಿ ಪೆನ್‌ಡ್ರೈವನ್ನು ಗದರಿತು.

"ಇತ್ತು. ಜಾಗಕ್ಕಾಗಿ ಬಿಟ್ಟುಕೊಟ್ಟೆ," ಎಂದಿತು ಪೆನ್‌ಡ್ರೈವ್. ತನ್ನೊಳಗೆಲ್ಲ ತಡಕಾಡಿತು, ಒಂದು ಮುಖವೂ ಸಿಗಲಿಲ್ಲ.

ಬಾಳವ್ವ ಸೆರಗಿನಿಂದ ಪರದೆಯನ್ನು ಒರೆಸಿದಳು. ಇನ್ನೊಮ್ಮೆ ಒರೆಸಿದಳು.

"ನಾ ಇದ್ದಂಗಿಲ್ಲ ಬಿಡವ್ವಾ ಇದರಾಗ," ಎಂದು ಸೊಸೆಗೆ ಹೇಳಿ ಎದ್ದು ಒಳಗೆ ಹೋದಳು.