ಪುಟ್ಟತಾಯಜ್ಜಿಯ ಜೀಪು ಗುರ್ ಅನ್ನಲಿಲ್ಲ

ಬನ್ರೋ, ಬನ್ರೇ, ಒತ್ತಿಕೊಂಡು ಕೂತ್ಕೊಳ್ಳಿ. ಕಾಲು ಮಡಚಿದವರಿಗೆ ಮಾತ್ರ ಕಥೆ!

ಒಂದು ಊರು. ಊರಲ್ಲೊಬ್ಬಳು ಪುಟ್ಟತಾಯಜ್ಜಿ. ಅಜ್ಜಿಗೊಂದು ಹಳೇ ಜೀಪು. ಜೀಪಿಗೊಂದು ಹೊಸ ಪೆಟ್ಟಿಗೆ. ಇಂಜಿನ್ನಿಗೆ ಬುದ್ಧಿ ಹೇಳೋ ಪೆಟ್ಟಿಗೆ. ಅಂಗಡಿಯಿಂದ ತಂದವಳೂ ಅಜ್ಜಿ, ಕೂರಿಸಿದವಳೂ ಅಜ್ಜಿ. ಅಜ್ಜಿ ಅಂದ್ರೆ ಸುಮ್ನೇನಾ!

ಅವತ್ತು ಅಜ್ಜಿಗೆ ಸಂಭ್ರಮವೋ ಸಂಭ್ರಮ. ಮಗಳು ನೀಲವೇಣಿ ಆಸ್ಪತ್ರೆಯಲ್ಲಿ ಪಾಪು ಹೆತ್ತಿದ್ದಾಳೆ. ಪಾಪುವನ್ನ ಮನೆಗೆ ತರಬೇಕು. ಅಜ್ಜಿ ಜೀಪು ಹತ್ತಿದಳು. ಕೀ ತಿರುಗಿಸಿದಳು. ಗುರ್ ಇಲ್ಲ! ಮತ್ತೆ ತಿರುಗಿಸಿದಳು. ಗುರ್ ಇಲ್ಲವೇ ಇಲ್ಲ! ಜೀಪಿನ ಗುರ್ ಕಳೆದೇ ಹೋಯ್ತು.

"ಇಂಜಿನ್ನೇ, ಇಂಜಿನ್ನೇ, ಗುರ್ ಅನ್ನಪ್ಪಾ. ಪಾಪು ಮನೆಗೆ ಬರಲ್ಲ!"

"ಪೆಟ್ಟಿಗೆ ಹೇಳದೆ ನಾನು ಅನ್ನಲ್ಲ."

ಅಜ್ಜಿ ಪೆಟ್ಟಿಗೆ ಹತ್ರ ಹೋದಳು. "ಪೆಟ್ಟಿಗೆಯೇ, ಪೆಟ್ಟಿಗೆಯೇ, ಹೇಳಪ್ಪಾ. ಇಂಜಿನ್ ಗುರ್ ಅನ್ನಲ್ಲ, ಪಾಪು ಮನೆಗೆ ಬರಲ್ಲ!"

"ಆ... ನಿದ್ದೆ, ನಿದ್ದೆ. ಲ್ಯಾಪ್‌ಟಾಪ್ ಕರೆಯದೆ ನಾನು ಹೇಳಲ್ಲ."

ಅಜ್ಜಿ ಪೆಟ್ಟಿಗೆಯನ್ನ ಮಾತಾಡಿಸೋ ಲ್ಯಾಪ್‌ಟಾಪ್ ತಂದಳು. "ಲ್ಯಾಪ್‌ಟಾಪೇ, ಲ್ಯಾಪ್‌ಟಾಪೇ, ಕರೆಯಪ್ಪಾ. ಪೆಟ್ಟಿಗೆ ಹೇಳಲ್ಲ, ಇಂಜಿನ್ ಗುರ್ ಅನ್ನಲ್ಲ, ಪಾಪು ಮನೆಗೆ ಬರಲ್ಲ!"

"ಎಲ್ಲಿಂದ ಕರೀಲಿ? ಕೇಬಲ್ ದಾರಿ ಬಿಡದೆ ನಾನು ಕರೆಯಲ್ಲ."

ಅಜ್ಜಿ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ಹೋಗೋ ಕೇಬಲ್ ಕಿತ್ತಳು, ಉಫ್ ಅಂತ ಊದಿದಳು, ಮತ್ತೆ ಚುಚ್ಚಿದಳು. "ಕೇಬಲ್ಲೇ, ಕೇಬಲ್ಲೇ, ದಾರಿ ಬಿಡಪ್ಪಾ. ಲ್ಯಾಪ್‌ಟಾಪ್ ಕರೆಯಲ್ಲ, ಪೆಟ್ಟಿಗೆ ಹೇಳಲ್ಲ, ಇಂಜಿನ್ ಗುರ್ ಅನ್ನಲ್ಲ, ಪಾಪು ಮನೆಗೆ ಬರಲ್ಲ!"

"ಪೆಟ್ಟಿಗೆ ಕಡೆ ಬಾಗಿಲೇ ತೆಗೆದಿಲ್ಲ! ಬ್ಯಾಟರಿ ಕರೆಂಟ್ ಕೊಡದೆ ನಾನು ಬಿಡಲ್ಲ."

ಅಜ್ಜಿ ಬ್ಯಾಟರಿ ಹತ್ರ ಓಡಿದಳು. "ಬ್ಯಾಟರಿಯೇ, ಬ್ಯಾಟರಿಯೇ, ಕೊಡಪ್ಪಾ. ಕೇಬಲ್ ಬಿಡಲ್ಲ, ಲ್ಯಾಪ್‌ಟಾಪ್ ಕರೆಯಲ್ಲ, ಪೆಟ್ಟಿಗೆ ಹೇಳಲ್ಲ, ಇಂಜಿನ್ ಗುರ್ ಅನ್ನಲ್ಲ, ಪಾಪು ಮನೆಗೆ ಬರಲ್ಲ!"

"ಹೊಟ್ಟೆ ತುಂಬ ಕರೆಂಟಿದೆ ಅಜ್ಜಿ. ಹೋದದ್ದು ತಿರುಗಿ ಬರಬೇಕಲ್ಲ! ಅರ್ತ್ ವೈರು ವಾಪಸ್ ತರದೆ ನಾನು ಕೊಡಲ್ಲ."

ಅರ್ತ್ ವೈರು ಮೂಲೆಯಲ್ಲಿ ಮುದುಡಿ ಕೂತಿತ್ತು. ಕಪ್ಪು ವೈರು, ದಪ್ಪ ವೈರು, ಬ್ಯಾಟರಿಗೂ ಜೀಪಿನ ಮೈಗೂ ನಂಟು ಹಾಕೋ ವೈರು. ಅಜ್ಜಿ ಕಣ್ಣಲ್ಲಿ ನೀರು.

"ವೈರೇ, ವೈರೇ, ತಾರಪ್ಪಾ. ಬ್ಯಾಟರಿ ಕೊಡಲ್ಲ, ಕೇಬಲ್ ಬಿಡಲ್ಲ, ಲ್ಯಾಪ್‌ಟಾಪ್ ಕರೆಯಲ್ಲ, ಪೆಟ್ಟಿಗೆ ಹೇಳಲ್ಲ, ಇಂಜಿನ್ ಗುರ್ ಅನ್ನಲ್ಲ, ಪಾಪು ಮನೆಗೆ ಬರಲ್ಲ!"

ವೈರು ತಲೆ ತಗ್ಗಿಸಿತು.

"ಬೈಬೇಡ ಅಜ್ಜಿ. ನಿನ್ನೆ ಆಯುಧಪೂಜೆ ಮಾಡ್ದೆಯಲ್ಲ? ಎಲ್ಲಾದಕ್ಕೂ ಅರಿಶಿನ ಹಚ್ಚಿದೆ. ನನ್ನ ಬೋಲ್ಟನ್ನೂ ಬಿಚ್ಚಿ ಬುಡಕ್ಕೆಲ್ಲ ಮೆತ್ತಿಬಿಟ್ಟೆ. ಈಗ ಜೀಪಿನ ಮೈ ನನಗೆ ತಾಕ್ತಾನೇ ಇಲ್ಲ! ಅಷ್ಟು ಪ್ರೀತಿಯಿಂದ ಹಚ್ಚಿದೀಯ, ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ."

"ಅಯ್ಯೋ ನನ್ನ ಬಂಗಾರ!" ಅಂದಳು ಅಜ್ಜಿ. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಬೋಲ್ಟ್ ಬಿಚ್ಚಿದಳು. ಅರಿಶಿನ ಒರೆಸಿದಳು. ಉಪ್ಪುಕಾಗದ ಹಾಕಿ ಕರಕರ ಉಜ್ಜಿದಳು. ಬೋಲ್ಟ್ ಬಿಗಿದಳು. ಕೀ ತಿರುಗಿಸಿದಳು.

ವೈರು ತಂತು. ಬ್ಯಾಟರಿ ಕೊಟ್ಟಿತು. ಕೇಬಲ್ ಬಿಟ್ಟಿತು. ಲ್ಯಾಪ್‌ಟಾಪ್ ಕರೀತು, "ಪೆಟ್ಟಿಗೆಯಣ್ಣಾ, ಇದ್ದೀಯಾ?" "ಓ, ಇದ್ದೀನಿ!" ಪೆಟ್ಟಿಗೆ ಹೇಳಿತು. ಇಂಜಿನ್ ಅಂದಿತು:

ಗುರ್... ಗುರ್ರ್... ಗುರ್ರ್ರ್!

ಅಜ್ಜಿ ಹೋದಳು. ಮಗಳನ್ನ ಹತ್ತಿಸಿಕೊಂಡಳು. ಪಾಪು ಮನೆಗೆ ಬಂತು!

ಮನೆ ಮುಂದೆ ಜೀಪು ನಿಂತಿತು. ಪಾಪು ಕುವ್ವಾ ಅಂತು. ಅಜ್ಜಿ ಗುರ್ ಅನ್ನಿಸಿದಳು. ಪಾಪು ಮಲಗಿತು. ಜೀಪು ನಿಂತಿತು. ಕುವ್ವಾ! ಗುರ್. ಮಲಗಿತು. ಇನ್ನೇನು ಮಾಡ್ತಾಳೆ? ಅಜ್ಜಿ ಊರು ಸುತ್ತೋಕೆ ಹೊರಟಳು.

ನೀವು ಆ ಊರಿಗೆ ಹೋದ್ರೆ, ಜೀಪು ಎದುರು ಬಂದ್ರೆ, ಪಕ್ಕಕ್ಕೆ ಸರೀರಿ. ಕೂಗಬೇಡಿ. ಶ್! ಒಳಗೆ ಪಾಪು ಮಲಗಿದೆ.