ಉಸಿರು ಕೇಳುವಷ್ಟು

ಕಾವೇರಿ ದಡದ ಹಳೆಯ ಛತ್ರವೊಂದರಲ್ಲಿ ಪುಟ್ಟಮಾದಯ್ಯ ಎಂಬ ಗುರುಗಳಿದ್ದರು. ಹಾಡನ್ನು ಧ್ವನಿಮುದ್ರಿಸಿ ಹದಗೊಳಿಸುವುದು ಅವರ ವಿದ್ಯೆ.

ಅವರ ಶಿಷ್ಯೆ ಶಾಲ್ಮಲಿಗೆ ಕಂಪ್ಯೂಟರಿನೊಳಗೇ ಹುಟ್ಟುವ ವಾದ್ಯಗಳೆಂದರೆ ಪ್ರಾಣ. ಶ್ರುತಿ, ಕೊಳಲು, ಪಿಟೀಲು ಎಲ್ಲವನ್ನೂ ಅವಳು ಅದರಲ್ಲೇ ನುಡಿಸುತ್ತಿದ್ದಳು.

ಒಂದು ದಿನ ಸೋಬಾನೆ ಹಾಡುವ ಹೊಂಬಾಳಮ್ಮ ಬಂದು ಒಂದು ಪದ ಹಾಡಿ ಧ್ವನಿಮುದ್ರಿಸಿ ಹೋದರು. ಮುಂದಿನ ವಾರ ಅವರ ಗಂಟಲಿಗೆ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

"ಇದಕ್ಕೆ ವಾದ್ಯ ನೀನೇ ಕೂಡಿಸು," ಎಂದರು ಗುರುಗಳು.

ಶಾಲ್ಮಲಿ ಮೂರು ದಿನ ಕೂತಳು. ಶ್ರುತಿ ತುಂಬಿ ಬರಲೆಂದು ಅದನ್ನು ಏರಿಸಿದಳು. ಕೊಳಲು ಮುಳುಗಿತು. ಕೊಳಲನ್ನು ಏರಿಸಿದಳು, ಪಿಟೀಲು ಮುಳುಗಿತು. ಅದನ್ನೂ ಏರಿಸಿದಳು. ಕೊನೆಗೆ ಹಾಡಿನ ದನಿಯನ್ನೇ ಏರಿಸಿದಾಗ ಅಳತೆ ಮೀರಿತೆಂದು ಪರದೆಯ ಮೇಲೆ ಕೆಂಪು ದೀಪ ಹತ್ತಿತು, ಸದ್ದು ಒಡೆಯಿತು. ಅವಳು ದನಿಯನ್ನು ಮಾತ್ರ ಒಂದಿಷ್ಟು ಇಳಿಸಿದಳು. ದೀಪ ಆರಿತು.

ಗುರುಗಳು ಹಾಡನ್ನು ಹಾಕಿಸಿ ಕೇಳಿದರು. ಹೊಂಬಾಳಮ್ಮನನ್ನು ಕರೆಸಿದರು.

ಆಕೆ ಸೆರಗು ಹೊದ್ದು, ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ವಾದ್ಯ ಬಲು ಚೆಂದಾಗದೆ ಕಣವ್ವ," ಎಂದರು. ಆಮೇಲೆ ಮೆಲ್ಲಗೆ, "ನಾನೇ ಇನ್ನೊಸಿ ಜೋರಾಗಿ ಹಾಡ್ಬೇಕಿತ್ತು. ಗಂಟ್ಲು ಬಿಡ್ನಿಲ್ಲ. ತಪ್ಪು ತಿಳ್ಕಬ್ಯಾಡ."

ಶಾಲ್ಮಲಿಗೆ ಮುಖ ಎತ್ತಲಾಗಲಿಲ್ಲ. ಅವಳ ಕಣ್ಣು ತುಂಬಿತು.

ಗುರುಗಳು ಪಕ್ಕದಲ್ಲಿ ಬಂದು ಕೂತರು. ವಾದ್ಯಗಳನ್ನೆಲ್ಲ ಒಂದೊಂದಾಗಿ ತಳಕ್ಕಿಳಿಸಿದರು. ಹೊಂಬಾಳಮ್ಮನ ದನಿಯೊಂದೇ ಉಳಿಯಿತು.

"ಏನು ಕೇಳಿಸುತ್ತಿದೆ?"

"ಹಾಡು."

"ಮತ್ತೆ?"

ಅವಳು ಕಿವಿಗೊಟ್ಟಳು. "ಸಾಲು ಸಾಲಿಗೂ ಅವರು ಉಸಿರು ತೆಗೆದುಕೊಳ್ಳುವುದು."

"ಈಗ ಶ್ರುತಿ ಏರಿಸು."

"ಎಷ್ಟು, ಗುರುಗಳೇ?"

"ಆ ಉಸಿರು ಮರೆಯಾಗುವ ತನಕ. ಆಮೇಲೆ ಒಂದು ಎಳೆ ಹಿಂದಕ್ಕೆ ಬಾ."

ಅವಳು ಹಾಗೆಯೇ ಮಾಡಿದಳು. ಆಮೇಲೆ ಕೊಳಲು. ಪಿಟೀಲಿಗೆ ಎಲ್ಲೂ ಜಾಗ ಸಿಗಲಿಲ್ಲ. ಅವಳು ತುಸು ಹೊತ್ತು ಅದನ್ನೇ ನೋಡುತ್ತ ಕೂತು, ತಾನಾಗಿಯೇ ತೆಗೆದುಹಾಕಿದಳು. ಸಂಜೆಯಾಯಿತು. ಹೊಂಬಾಳಮ್ಮ ಕಂಬಕ್ಕೆ ಒರಗಿ ಕಾಯುತ್ತಲೇ ಇದ್ದರು.

ಮತ್ತೆ ಹಾಡು ಹಾಕಿದರು. ನಡುವೆ ಒಂದು ಕಡೆ ಮುದುಕಿಯ ದನಿ ನಡುಗಿತು, ಇನ್ನೇನು ಕಡಿದುಹೋಗುತ್ತದೆ ಅನ್ನಿಸಿತು. ಕೆಳಗೆ ಶ್ರುತಿ ಸಣ್ಣಗೆ ಹರಿಯುತ್ತಿತ್ತು, ದನಿ ಕಡಿಯಲಿಲ್ಲ. ಮುಂದಿನ ಸಾಲಿಗೆ ಸಲೀಸಾಗಿ ದಾಟಿತು.

ಹೊಂಬಾಳಮ್ಮ ಕಣ್ಣೊರೆಸಿಕೊಂಡರು.

"ನನ್ ಗಂಟ್ಲು ಇನ್ನೂ ವಸಿ ಉಳ್ದದೆ ಕಣವ್ವ," ಎಂದು ಶಾಲ್ಮಲಿಯ ತಲೆ ಸವರಿ, ನಗುತ್ತ ಮನೆಗೆ ಹೊರಟರು.

ಅವರು ಕಣ್ಮರೆಯಾಗುವ ತನಕ ಶಾಲ್ಮಲಿ ಬಾಗಿಲಲ್ಲೇ ನಿಂತಿದ್ದಳು.

"ಗುರುಗಳೇ, ಅವರ ಸಂತೋಷ ನೋಡಿ ನನಗೂ ಸಂತೋಷವಾಯಿತು. ಆದರೂ ಒಂದು ಕೊರಗು. ಈ ಸಲ ನಾನು ನುಡಿಸಿದ್ದು ಅವರ ಕಿವಿಗೆ ಬೀಳಲೇ ಇಲ್ಲ."

ಗುರುಗಳು ಅವಳನ್ನು ಅಕ್ಕರೆಯಿಂದ ನೋಡಿದರು.

"ದನಿ ನಡುಗಿದ ಕಡೆ ಆಕೆ ಬೀಳಲಿಲ್ಲವಲ್ಲ, ಮಗಳೇ. ಅಲ್ಲಿ ಕೈ ಹಿಡಿದಿದ್ದು ಯಾರು?"