ಜಟ್ಟನ ದೋಣಿಗೆ ಕಾರ್ಪೆಟ್ಟು

ಕೇಳುವುದಾದರೆ ಹೇಳುತ್ತೇನೆ. ಆದರೆ ನಡುವೆ ಬಾಯಿ ಹಾಕಿ, "ಕೊನೆಗಾದರೂ ಅವನಿಗೆ ಬುದ್ಧಿ ಬಂತಾ?" ಅಂತ ಮಾತ್ರ ಕೇಳಬೇಡಿ. ಹೇಳುವವನಿಗೂ ಸುಸ್ತು ಅಂತ ಒಂದಿರುತ್ತದೆ.

ಅಳಿವೆಯ ಹತ್ತಿರ, ಹೊಳೆ ಹೋಗಿ ಸಮುದ್ರ ಸೇರುವಲ್ಲಿ, ಒಂದು ಮೀನುಗಾರರ ಕೇರಿ. ಆ ಕೇರಿಯಲ್ಲಿ ಹೊನ್ನಮ್ಮ ಅಂತ ಒಬ್ಬಳು. ಹೊನ್ನಮ್ಮನಿಗೆ ಜಟ್ಟ ಅಂತ ಒಬ್ಬ ಮಗ. ಒಬ್ಬನೇ ಸಾಕಾಯಿತು. ಇನ್ನೊಬ್ಬ ಹುಟ್ಟಿದ್ದರೆ ಈ ಕತೆ ಮುಗಿಯುವ ತನಕ ಅವಳು ಬದುಕಿರುತ್ತಿರಲಿಲ್ಲ. ಹುಡುಗ ಆಳೆತ್ತರ ಮೀರಿ ಬೆಳೆದಿದ್ದ. ಬಲೆ ಬೀಸಿದರೆ ಛತ್ರಿ ಬಿಚ್ಚಿದ ಹಾಗೆ ಬೀಳುತ್ತಿತ್ತು. ತಾಯಿಯ ಮಾತು ಮೀರುವವನೂ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಇವರಿಗೆ ಉಳಿದದ್ದು ಒಂದು ಸಣ್ಣ ದೋಣಿ. ದೋಣಿಗೆ ಇಬ್ಬರು ಬೇಕು. ಒಬ್ಬ ಬಲೆ ಬೀಸಬೇಕು, ಇನ್ನೊಬ್ಬ ಉದ್ದನೆ ಬಿದಿರಿನ ಜಲ್ಲೆ ಊರಿ ದೋಣಿ ನಿಲ್ಲಿಸಬೇಕು. ಜಟ್ಟನ ಜೊತೆ ಹೋಗುವವರು ಯಾರು? ಒಂದು ದಿನ ಹೋದವನೊಬ್ಬ "ಬಲೆ ಬಿಡೋ!" ಅಂದ. ಜಟ್ಟ ಬಿಟ್ಟ. ಹಗ್ಗ ಸಮೇತ ಬಿಟ್ಟು ಕೈಕಟ್ಟಿ ಕೂತ. ಆಮೇಲೆ ಕೇರಿಯಲ್ಲಿ ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ನೆಂಟರು, ಒಬ್ಬನಿಗೆ ಜ್ವರ.

ಕೊನೆಗೆ ಹೊನ್ನಮ್ಮನೇ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದಳು. ಹತ್ತಿದ ವಾರದಲ್ಲೇ ಪಾಚಿ ಹಿಡಿದ ಹಲಗೆಯ ಮೇಲೆ ಜಾರಿ ಬಿದ್ದಳು. ಮೊಣಕಾಲು ಊದಿ ಕುಂಬಳಕಾಯಿ ಆಯಿತು. ಅವಳು ಮಲಗಿದಷ್ಟು ದಿನ ದೋಣಿಯೂ ಮಲಗಿತು, ಒಲೆಯೂ ಮಲಗಿತು.

ಎದ್ದು ಕೂತ ದಿನ ಮಗನನ್ನು ಕರೆದಳು.

"ನೋಡು ಜಟ್ಟಾ, ಇನ್ನೊಂದು ಸಲ ಜಾರಿದ್ರೆ ನಾ ಏಳೂದಿಲ್ಲ. ನಾ ಏಳದಿದ್ರೆ ನೀ ಉಣ್ಣೂದಿಲ್ಲ. ದೋಣಿ ತಳಕ್ಕೆ ಎಂತಾದ್ರೂ ಹಾಸ್ಲೇಬೇಕು. ಶಾಮಿಯಾನದ ಗಣಪಯ್ಯ ಹಳೇ ಕಾರ್ಪೆಟ್ ಕೊಡ್ತೆ ಅಂದಾನೆ. ಹಗ್ಗದಲ್ಲಿ ದೋಣಿ ಅಳ್ದು, ಆ ಹಗ್ಗ ತಕಂಡು ಅವನ ಹತ್ರ ಹೋಗು. ತಿಳೀತಾ?"

"ತಿಳೀತಮ್ಮಾ!"

ಏನು ತಿಳಿಯಿತೋ, ಆ ದೇವರೇ ಬಲ್ಲ.

ಜಟ್ಟ ದಂಡೆಗೆ ಬಂದ. ಹಗ್ಗ ಎಲ್ಲಿ? ಅಲ್ಲೇ ಇತ್ತು. ದೋಣಿಯನ್ನು ಗೂಟಕ್ಕೆ ಕಟ್ಟಿದ್ದ ಹಗ್ಗ! ಬಿಚ್ಚಿದ. ಈ ತುದಿಯಿಂದ ಆ ತುದಿಗೆ ಅಳೆದ. ಅಳತೆಗೆ ಗಂಟು ಹಾಕಿದ. ಹೆಗಲಿಗೆ ಸುತ್ತಿ ಪೇಟೆಗೆ ನಡೆದ. ನೀರು ಇಳಿಯುವ ಹೊತ್ತು. ಅವನು ಅತ್ತ ಹೋದ, ದೋಣಿ ಇತ್ತ ಹೋಯಿತು.

ತಿರುಗಿ ಬಂದಾಗ ಹೊನ್ನಮ್ಮ ಕೋಲೂರಿಕೊಂಡು ದಂಡೆಯಲ್ಲಿ ನಿಂತಿದ್ದಳು.

"ಅಳ್ದ್ಯಾ?"

"ಅಳ್ದೆ! ಗಣಪಯ್ಯ ಅಳತೆ ನೋಡ್ದ. ನಾಳೆ ಬಾ, ಕತ್ತರಿಸಿ ಇಡ್ತೆ ಅಂದ."

"ದೋಣಿ ಎಲ್ಲೋ?"

"ಅದೇ, ಅಲ್ಲಿ!"

"ಅಲ್ಲಿ ಅಂದ್ರೆ ಎಲ್ಲಿ?"

"ಅಗೋ, ಆಚೆ ದಡದ ಕಾಂಡ್ಲ ಗಿಡದಲ್ಲಿ ಸಿಕ್ಕಿಕೊಂಡದೆ, ಕಾಣ್ತಾ ಉಂಟಲ್ಲ!"

ಹೊನ್ನಮ್ಮ ಹಣೆ ಹಣೆ ಬಡಿದುಕೊಂಡಳು. ಯಾರ ಯಾರದೋ ಕಾಲು ಹಿಡಿದು ದೋಣಿ ಎಳೆಸಿ ತರಿಸುವ ಹೊತ್ತಿಗೆ ಅವಳ ಗಂಟಲು ಆರಿತ್ತು.

"ಅಯ್ಯೋ ಪೆದ್ದೇ! ನೀರಿನ ಬದಿ ಬಿಟ್ಟು ಹೋಗೂ ಮೊದ್ಲು ಗೂಟಕ್ಕೆ ಗಟ್ಟಿ ಕಟ್ಟಿ ಹೋಗ್ಬೇಕು! ಕಟ್ಟದೆ ಬಿಟ್ಟು ಬರಬಾರ್ದು! ತಿಳೀತಾ?"

"ತಿಳೀತಮ್ಮಾ!"

ಮಾರನೇ ದಿನ ಗಣಪಯ್ಯ ಕಾರ್ಪೆಟ್ ಕೊಟ್ಟ. ಎಷ್ಟೋ ಮದುವೆಗಳಲ್ಲಿ ಬೀಗರು ತುಳಿದ ಕೆಂಪು ಕಾರ್ಪೆಟ್. ಅಂಚು ಸವೆದಿದ್ದರೂ ನಡು ಗಟ್ಟಿ. ಜಟ್ಟ ಅದನ್ನು ಸುತ್ತಿ ತಲೆಯ ಮೇಲೆ ಹೊತ್ತು ದಂಡೆಗೆ ತಂದ. ಅಮ್ಮನನ್ನು ಕರೆದು ತೋರಿಸೋಣ ಅಂತ ಮನೆ ಕಡೆ ಎರಡು ಹೆಜ್ಜೆ ಹಾಕಿದ. ನಿಂತ. ಕಟ್ಟದೆ ಬಿಟ್ಟು ಬರಬಾರದಲ್ಲ! ವಾಪಸು ಬಂದು ಕಾರ್ಪೆಟ್ಟನ್ನು ದೋಣಿಯ ಗೂಟಕ್ಕೆ ಕಟ್ಟಿದ. ಎಳೆದು ನೋಡಿದ. ಗಟ್ಟಿ ಇತ್ತು.

ಮನೆಯಲ್ಲಿ ಗಂಜಿ ಬಿಸಿಯಾಗಿತ್ತು. ಉಂಡ. ಉಂಡ ಮೇಲೆ ನಿದ್ದೆ ಬಂತು. ಅವನು ಮಲಗಿದ, ಉಬ್ಬರ ಎದ್ದಿತು.

"ಕಾರ್ಪೆಟ್ ಎಲ್ಲೋ?" ಅಂತ ಹೊನ್ನಮ್ಮ ಕೇಳಿದಾಗ ಕಣ್ಣುಜ್ಜಿಕೊಂಡು ಎದ್ದ.

"ಕಟ್ಟಿಟ್ಟೇನಮ್ಮಾ! ಎಲ್ಲಿಗೂ ಹೋಗೂದಿಲ್ಲ!"

ಎಲ್ಲಿಗೂ ಹೋಗಿರಲಿಲ್ಲ, ನಿಜ. ಗೂಟದ ಸುತ್ತ ನೀರಲ್ಲಿ ಎಮ್ಮೆಯ ಹಾಗೆ ಮುಳುಗಿ ಮುಳುಗಿ ಏಳುತ್ತಿತ್ತು. ತಾಯಿ ಮಗ ಸೇರಿ ಎಳೆದು ಹಾಕುವಷ್ಟರಲ್ಲಿ ಅವಳ ಮೊಣಕಾಲು ಮತ್ತೆ ನೋಯತೊಡಗಿತು.

"ಎಂತ ಪಾಪ ಮಾಡಿದ್ನೋ ನಾನು! ತಂದದ್ದನ್ನ ನೀರಲ್ಲಿ ಬಿಡೂದೇನೋ? ಪೇಟೆಯಿಂದ ತಂದದ್ದನ್ನ ಸೀದಾ ಮನೆಗೆ ತರ್ಬೇಕು! ಅಂಗಳದಲ್ಲಿ ಚೆಂದ ಮಾಡಿ ಹರಡಿ ಬಿಸಿಲು ತೋರ್ಸ್ಬೇಕು! ತಿಳೀತಾ?"

"ತಿಳೀತಮ್ಮಾ!"

ಕಾರ್ಪೆಟ್ ಒಣಗಿತು. ಇನ್ನು ಅಂಟು ಬೇಕು. "ಒಂದು ಡಬ್ಬಿ ಅಂಟು ತಕಂಡು ಬಾ" ಅಂದಳು ಹೊನ್ನಮ್ಮ. ಅದಕ್ಕಿಂತ ಹೆಚ್ಚು ಮಾತಾಡಲು ಹೆದರಿ ಸುಮ್ಮನಾದಳು. ಹೆದರಿಕೆಯಿಂದಲೂ ಏನೂ ಪ್ರಯೋಜನ ಆಗಲಿಲ್ಲ.

ಜಟ್ಟ ಅಂಟು ತಂದ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ಸೀದಾ ಮನೆಗೆ ತಂದ. ಡಬ್ಬಿ ಬಿಚ್ಚಿದ. ಅಂಗಳ ಗುಡಿಸುವ ಹಿಡಿಸೂಡಿ ತಂದ. ಅಂಗಳದಲ್ಲಿ ಅಂಟನ್ನು ಸುರಿದು, ಚೆಂದ ಮಾಡಿ ಹರಡಿ, ಬಿಸಿಲು ತೋರಿಸಿದ. ಪಕ್ಕದ ಮನೆಯ ಕೋಳಿಯೊಂದು ಏನೋ ಹೊಸ ತಿಂಡಿ ಅಂತ ಬಂದು, ಬಂದಲ್ಲೇ ನಿಂತಿತು.

ಕೋಳಿಯ ಕೂಗಿಗೆ ಹೊನ್ನಮ್ಮ ಹೊರಗೆ ಬಂದಳು. ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಂಟನ್ನ ಯಾರಾದ್ರೂ ಒಣಗಿಸ್ತಾರೇನೋ! ಅಂಟಿನ ಮೇಲೆ ಇಟ್ಟದ್ದನ್ನ ಒತ್ತಿ ಹಿಡೀಬೇಕು! ಮೇಲೊಂದು ಕಲ್ಲು ಹೇರ್ಬೇಕು! ಹಿಡ್ಕಳ್ಳೂವರೆಗೆ ಅಲುಗಾಡ್ಲಿಕ್ಕೆ ಬಿಡಬಾರ್ದು! ತಿಳೀತಾ?"

"ತಿಳೀತಮ್ಮಾ!"

ಡಬ್ಬಿಯ ತಳದಲ್ಲಿ ಇನ್ನೂ ಅರ್ಧ ಉಳಿದಿತ್ತು, ಪುಣ್ಯ. ಅಂಗಳ ಕೆರೆಯಲು ಬೂದಿ ತರೋಣ ಅಂತ ಅವಳು ಒಳಗೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆಯ ಗುಲಾಬಕ್ಕ ಕೋಳಿ ಹುಡುಕಿಕೊಂಡು ಬಂದಳು. ಬಂದವಳು ಅಂಗಳಕ್ಕೆ ಕಾಲಿಟ್ಟಳು. ಚಪ್ಪಲಿ ಹಿಡಿಯಿತು. ಬಗ್ಗಿದಳು, ಸೆರಗು ಹಿಡಿಯಿತು.

"ಅಯ್ಯಯ್ಯೋ! ಇದೆಂತದೋ ಜಟ್ಟಾ?"

"ಅಂಟು ಗುಲಾಬಕ್ಕಾ! ಅಲುಗಾಡ್ಬೇಡಿ!"

"ಬಿಡ್ಸೋ ಮಾರಾಯಾ!"

"ಬಿಡ್ಸೂದಲ್ಲ ಅಕ್ಕಾ, ಒತ್ತೂದು!"

ಭುಜ ಹಿಡಿದು ಒತ್ತಿದ. ಗುಲಾಬಕ್ಕ ಕುಕ್ಕರುಗಾಲಲ್ಲಿ ಕೂತಳು. ಓಡಿ ಹೋಗಿ ರುಬ್ಬುಗುಂಡು ತಂದು ಸೆರಗಿನ ಮೇಲೆ ಹೇರಿದ.

"ಹೊನ್ನಾ! ಏ ಹೊನ್ನಾ! ನಿನ್ನ ಮಗ ನನ್ನ ಕೊಲ್ತಾನೆ!"

"ಸ್ವಲ್ಪ ತಡೀರಿ ಅಕ್ಕಾ, ಇನ್ನೂ ಸರಿ ಹಿಡೀಲಿಲ್ಲ!"

ಹೊನ್ನಮ್ಮ ಮೀನುಕತ್ತಿ ತಂದು ಸೆರಗಿನ ತುದಿ ಕೊಯ್ದು ಅವಳನ್ನು ಬಿಡಿಸಿದಳು. ಅರ್ಧ ಸೆರಗು, ಒಂದು ಚಪ್ಪಲಿ, ಪುಕ್ಕ ಕಿತ್ತ ಕೋಳಿ ಇಷ್ಟನ್ನು ಎತ್ತಿಕೊಂಡು ಗುಲಾಬಕ್ಕ ಮನೆಗೆ ಹೋದಳು. ದಾರಿಯುದ್ದಕ್ಕೂ ಬೈದಳು. ಅವಳ ಬೈಗುಳ ನಾನು ಹೇಳುವುದಿಲ್ಲ, ಮಕ್ಕಳು ಕೂತಿದ್ದಾರೆ.

ಹೊನ್ನಮ್ಮ ಮಾತ್ರ ಆವತ್ತು ಬೈಯಲಿಲ್ಲ. ಬೈಯಲಿಕ್ಕೂ ತ್ರಾಣ ಬೇಕಲ್ಲ. ಅಂಗಳದ ಮೂಲೆಯಲ್ಲಿ ಕೂತು ಮಗನ ಮುಖ ನೋಡಿದಳು. ಅವನು, ಈಗ ಏನು ಮಾಡಲಿ ಹೇಳು ಅನ್ನುವ ಹಾಗೆ ನಗುತ್ತಾ ನಿಂತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮುದ್ದೇನೋ ಹೌದು. ಆದರೆ ಆ ಹೆಗ್ಗಣದ ಹಿಂದೆ ಓಡಿ ಓಡಿ ಅವಳಿಗೆ ಸಾಕಾಗಿತ್ತು.

ಕೊನೆಗೆ ತಾನೇ ಕೂತಳು. ದೋಣಿಯನ್ನು ಮರಳಿಗೆ ಎಳೆಸಿದಳು. ಪಾಚಿ ಕೆರೆದಳು. ಕಾರ್ಪೆಟ್ಟನ್ನು ದೋಣಿಯ ಆಕಾರಕ್ಕೆ, ಎರಡು ತುದಿ ಚೂಪಾಗಿ, ಕೊಯ್ದಳು. ಊದಿದ ಮೊಣಕಾಲು ನೀಡಿಕೊಂಡು ಹಲಗೆ ಹಲಗೆಗೂ ಅಂಟು ಬಳಿದು, ಅಂಗೈಯಲ್ಲಿ ತಟ್ಟಿ ತಟ್ಟಿ ಕೂರಿಸಿದಳು. ಕೆಲಸ ಮುಗಿದಾಗ ಸೊಂಟ ನೆಟ್ಟಗಾಗಲಿಲ್ಲ.

"ಜಟ್ಟಾ, ನಾ ಸ್ವಲ್ಪ ಒರಗ್ತೆ. ನೀ ಇಲ್ಲೇ ಕಾಯ್ತಾ ಇರು. ಕಾರ್ಪೆಟ್ ಮೇಲೆ ಒದ್ದೆ ಆಗಬಾರ್ದು. ಒದ್ದೆಯದು ಎಂತ ಬಂದ್ರೂ ಎತ್ತಿ ಆಚೆ ಹಾಕು. ಒಣಗಿದ್ದು ಮಾತ್ರ ಒಳಗೆ. ತಿಳೀತಾ?"

"ತಿಳೀತಮ್ಮಾ!"

ಈ ಸಲ ನಿಜವಾಗಿ ತಿಳಿದಿತ್ತು! ಹೊಳೆಯಲ್ಲಿ ಮಿಂದ ನಾಯಿಯೊಂದು ದೋಣಿಗೆ ಹಾರಿತು. ಎತ್ತಿ ಆಚೆ ಹಾಕಿದ. ಗಾಳಿಗೆ ಒದ್ದೆ ತೆಂಗಿನ ಗರಿ ಬಂದು ಬಿತ್ತು. ಎತ್ತಿ ಆಚೆ ಹಾಕಿದ. ಹೊನ್ನಮ್ಮ ಎದ್ದು ಬಂದು ಕಾರ್ಪೆಟ್ ಮುಟ್ಟಿ ನೋಡಿದರೆ ಹಪ್ಪಳದ ಹಾಗೆ ಒಣಗಿದೆ. ಅವಳಿಗೆ ಕಣ್ಣಲ್ಲಿ ನೀರೇ ಬಂತು.

"ಶಾಬಾಸ್ ನನ್ನ ಮಗನೇ! ಹೀಗೇ ಮಾಡ್ತಾ ಇರು!"

ಅಯ್ಯೋ ಹೊನ್ನಮ್ಮಾ, ಅಷ್ಟು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು? ಆದರೆ ಹೆತ್ತವಳ ಬಾಯಿ. ಹೊಗಳುವ ಅವಕಾಶ ಸಿಕ್ಕಿದ್ದೇ ಒಂದು ಸಲ.

ಬೆಳಿಗ್ಗೆ ದೋಣಿ ಇಳಿಯಿತು. ಹತ್ತುವಾಗ ಜಟ್ಟನೇ ಅಮ್ಮನ ಕಾಲು ತನ್ನ ಲುಂಗಿಯಲ್ಲಿ ಒರೆಸಿದ. ಎಷ್ಟು ಪ್ರೀತಿ ಮಗನಿಗೆ ಅಂದುಕೊಂಡಳು. ಕಾರ್ಪೆಟ್ ಮೇಲೆ ಕಾಲೂರಿ ನಿಂತಳು. ಜಾರಲಿಲ್ಲ! ಜಲ್ಲೆ ಒತ್ತಿದಳು. ಜಾರಲಿಲ್ಲ! ಕೇರಿಯವರೆಲ್ಲ ದಂಡೆಯಲ್ಲಿ ನಿಂತು ನೋಡಿದರು. ಗುಲಾಬಕ್ಕನೂ ನೋಡಿದಳು.

ಮರಳದಿಬ್ಬದ ಹತ್ತಿರ, ಸೊಂಟಮಟ್ಟ ನೀರಿರುವಲ್ಲಿ, ಹೊನ್ನಮ್ಮ ದೋಣಿ ನಿಲ್ಲಿಸಿದಳು. ಜಟ್ಟ ಬಲೆ ಬೀಸಿದ. ಎಳೆದರೆ ಬಲೆ ಬರಲೊಲ್ಲದು, ಅಷ್ಟು ಭಾರ! ಕಾಣೆಮೀನು, ಬಲೆ ತುಂಬ ಕಾಣೆ! ಇವತ್ತು ಒಲೆ ಉರಿಯುತ್ತದೆ, ನಾಳೆಯೂ ಉರಿಯುತ್ತದೆ. ಹೊನ್ನಮ್ಮ ಕಣ್ಣುಮುಚ್ಚಿ ಮನೆದೇವರಿಗೆ ಕೈಮುಗಿದಳು.

ಪುಳಕ್!

ಪುಳಕ್! ಪುಳಕ್!

ಕಣ್ಣು ಬಿಟ್ಟಳು. ಜಟ್ಟ ಬಲೆಯನ್ನು ದೋಣಿಯ ಅಂಚಿನ ಹೊರಗೇ ಹಿಡಿದು, ಒಂದೊಂದೇ ಮೀನು ಬಿಡಿಸಿ ನೀರಿಗೆ ಎಸೆಯುತ್ತಿದ್ದ.

"ಎಂತ ಮಾಡ್ತಿದ್ಯೋ!"

"ಒದ್ದೆ ಅಮ್ಮಾ! ಒಂದಾದ್ರೂ ಒಣಗಿದ್ದು ಇದ್ಯಾ ಅಂತ ಎಲ್ಲಾ ಮುಟ್ಟಿ ಮುಟ್ಟಿ ನೋಡ್ದೆ. ಎಲ್ಲಾ ಒದ್ದೆ!"

ಕೊನೆಯ ಮೀನು ಬಾಲ ಬಡಿದು ಹೋಯಿತು. ಹಿಂದೆಯೇ ಬಲೆಯೂ ಹೋಯಿತು, ಅದೂ ಒದ್ದೆ. ಹೊನ್ನಮ್ಮನ ಕೈಯಿಂದ ಜಲ್ಲೆ ಜಾರಿತು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಸೋತ ದನಿಯಲ್ಲಿ ಇಷ್ಟೇ ಅಂದಳು:

"ನನ್ನನ್ನೂ ಎತ್ತಿ ಆಚೆ ಹಾಕ್ಬಿಡು ಮಾರಾಯಾ. ಒಂದೇ ಸಲಕ್ಕೆ ಮುಗೀಲಿ."

ಜಟ್ಟ ಬಗ್ಗಿ ಅವಳ ಸೀರೆಯ ಅಂಚು ಮುಟ್ಟಿ ನೋಡಿದ. ಜಲ್ಲೆಯಿಂದ ಇಳಿದ ನೀರಿಗೆ ತೊಟ್ಟಿಕ್ಕುತ್ತಿತ್ತು.

"ಹೌದಮ್ಮಾ!" ಅಂದ.

ಮಗುವನ್ನು ಎತ್ತಿದ ಹಾಗೆ ಎತ್ತಿದ. ಮೊಣಕಾಲಿಗೆ ನೋವಾಗದ ಹಾಗೆ ಮೆಲ್ಲ ನೀರಿಗೆ ಇಳಿಸಿದ. ಸೊಂಟಮಟ್ಟ ನೀರಲ್ಲಿ ನಿಂತ ಹೊನ್ನಮ್ಮ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಳು. ಅವನು ಬೆರಳು ಬೆರಳಾಗಿ ಬಿಡಿಸಿದ.

"ಬೇಡಮ್ಮಾ, ಈಗ ನೀ ಪೂರ್ತಿ ಒದ್ದೆ. ಒಣಗಿದ ಮೇಲೆ ಹತ್ತು."

ತೇಲುತ್ತಿದ್ದ ಜಲ್ಲೆ ಎತ್ತಿ, ಒರೆಸಿ, ದೋಣಿ ತಿರುಗಿಸಿದ. ಒಣಗಿದ ಕೆಂಪು ಕಾರ್ಪೆಟ್ ಮೇಲೆ ಮಗ ನಿಂತು ಬಂದ. ಪಕ್ಕದಲ್ಲಿ ತಾಯಿ ನೀರು ಸೀಳಿಕೊಂಡು, ಒಂದು ಕೈಯಲ್ಲಿ ಬಲೆ ಎಳೆದುಕೊಂಡು, ದಂಡೆಯ ತನಕ ನಡೆದು ಬಂದಳು. ದಾರಿಯುದ್ದಕ್ಕೂ ಅವನು ಬಗ್ಗಿ ಬಗ್ಗಿ ಹೇಳುತ್ತಲೇ ಇದ್ದ:

"ನಿಧಾನ ಅಮ್ಮಾ! ಅಡಿಯಲ್ಲಿ ಪಾಚಿ ಇರ್ತದೆ, ಜಾರಿಗೀರಿ ಬಿದ್ದೀಯೆ!"